ರಕ್ತ ನಿಮ್ದೇ, ಬಿಲ್ಲೂ ನಿಮ್ದೇ: ಮಂಡಿಗೆ ಬಂದ ಪಿಆರ್‌ಪಿ ಕಥೆ

ಪ್ಲೇಟ್‌ಲೆಟ್ ಅನ್ನೋ ಪದ ನಮ್ಮ ಮನೆಗಳಿಗೆ ಬಂದಿದ್ದು ಡೆಂಗಿ ಜ್ವರದ ಜೊತೆ. ‘ಕೌಂಟ್ ಎಷ್ಟಿದೆಯಂತೆ?’ ಅಂತ ಕೇಳದ ನೆಂಟರೇ ಇಲ್ಲ. ಈಗ ಅದೇ ಪ್ಲೇಟ್‌ಲೆಟ್ ಇನ್ನೊಂದು ದಾರಿಯಲ್ಲಿ ಬರ್ತಿದೆ. ಅಮ್ಮನಿಗೋ ದೊಡ್ಡಮ್ಮನಿಗೋ ಮಂಡಿ ಸವೆದಿದೆ, ಮೆಟ್ಟಿಲು ಹತ್ತೋಕಾಗಲ್ಲ, ಆಪರೇಷನ್ ಅಂದ್ರೆ ಭಯ. ಆಗ ಯಾರೋ ಹೇಳ್ತಾರೆ, ‘ನಿಮ್ದೇ ರಕ್ತ ತೆಗೆದು ಮಂಡಿಗೆ ಇಂಜೆಕ್ಷನ್ ಕೊಡ್ತಾರೆ, ಪಿಆರ್‌ಪಿ ಅಂತ.’ ಸಾವಿರಗಟ್ಟಲೆ ರೂಪಾಯಿ ಕೊಡೋ ಮುಂಚೆ, ಈ ಇಂಜೆಕ್ಷನ್ ಮಂಡಿವರೆಗೆ ಹೇಗೆ ಬಂತು ಅಂತ ನೋಡೋಣ.

ಮಾಡೋ ವಿಧಾನ ಸರಳ. ಮೊಸರು ಕಡೆದರೆ ಬೆಣ್ಣೆ ಬೇರೆಯಾಗೋ ಹಾಗೆ, ರಕ್ತವನ್ನ ಸೆಂಟ್ರಿಫ್ಯೂಜ್ ಮಷೀನ್‌ನಲ್ಲಿ ಜೋರಾಗಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಹೋಗ್ತವೆ. ಮೇಲುಳಿಯೋ ಹಳದಿ ದ್ರವದಲ್ಲಿ ಪ್ಲೇಟ್‌ಲೆಟ್ ಹೆಚ್ಚಿರೋ ಭಾಗವೇ ಪಿಆರ್‌ಪಿ.

1882ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಜೂಲಿಯೊ ಬಿಜೊಜೆರೊ ಅನ್ನೋ ವಿಜ್ಞಾನಿ ಈ ಪುಟ್ಟ ಕಣಗಳನ್ನ ಗುರುತಿಸಿ, ರಕ್ತ ಹೆಪ್ಪುಗಟ್ಟೋದರಲ್ಲಿ ಇವುಗಳ ಕೆಲಸ ಏನು ಅಂತ ತೋರಿಸಿದರು. ಆಮೇಲೆ ಸುಮಾರು 90 ವರ್ಷ, ಪ್ಲೇಟ್‌ಲೆಟ್ ಅಂದ್ರೆ ಗಾಯ ಮುಚ್ಚೋ ಬಿರಡೆ ಅಷ್ಟೇ. 1974ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ತಂಡ ಇನ್ನೊಂದು ವಿಷಯ ಕಂಡುಕೊಂಡಿತು: ಪ್ಲೇಟ್‌ಲೆಟ್‌ನಿಂದ ಬರೋ ಒಂದು ಅಂಶ ಜೀವಕೋಶಗಳನ್ನ ಬೆಳೆಸುತ್ತೆ. ತಮಾಷೆ ಏನಂದ್ರೆ, ರಾಸ್ ಹುಡುಕ್ತಿದ್ದದ್ದು ಔಷಧಿ ಅಲ್ಲ, ಅಪರಾಧಿ! ರಕ್ತನಾಳದ ಗೋಡೆ ಯಾಕೆ ದಪ್ಪ ಆಗುತ್ತೆ ಅನ್ನೋದು ಅವರ ಪ್ರಶ್ನೆ. ಅಲ್ಲಿ ಆರೋಪಿ ಸ್ಥಾನದಲ್ಲಿದ್ದ ಗುಣವನ್ನೇ ಮುಂದಿನವರು ಚಿಕಿತ್ಸೆ ಅಂತ ಎತ್ತಿಕೊಂಡರು.

1998ರಲ್ಲಿ ಮಯಾಮಿಯ ದವಡೆ ಸರ್ಜನ್ ರಾಬರ್ಟ್ ಮಾರ್ಕ್ಸ್, ದವಡೆಗೆ ಮೂಳೆ ಕಸಿ ಮಾಡುವಾಗ ಪಿಆರ್‌ಪಿ ಬೆರೆಸಿದರೆ ಮೂಳೆ ಚೆನ್ನಾಗಿ ಕೂಡುತ್ತೆ ಅಂತ ವರದಿ ಮಾಡಿದರು. ಇಲ್ಲಿ ಒಂದು ಮಾತು ನೆನಪಿಡಿ. ಮೂಳೆಗೆ ರಕ್ತ ಸಂಚಾರ ಇದೆ, ಮುರಿದರೂ ಕೂಡುತ್ತೆ. ಮಂಡಿಯೊಳಗಿನ ಕಾರ್ಟಿಲೇಜ್‌ಗೆ ರಕ್ತನಾಳಗಳೇ ಇಲ್ಲ. ಸವೆದದ್ದು ವಾಪಸ್ ಬರೋದು ತುಂಬಾ ಕಷ್ಟ. ದವಡೆಯಲ್ಲಿ ನಡೆದದ್ದು ಮಂಡಿಯಲ್ಲೂ ನಡೆಯುತ್ತೆ ಅಂತ ಹೇಳೋಕೆ ಬೇರೆ ಪುರಾವೆ ಬೇಕಿತ್ತು.

ಆ ಪುರಾವೆಗೆ ಮಾರುಕಟ್ಟೆ ಕಾಯಲಿಲ್ಲ. ನಾನು ಓದಿದ್ದು ಬಿ.ಕಾಂ., ನನ್ನ ಕಣ್ಣು ಮೊದಲು ಹೋಗೋದು ಇಂಥ ಕಡೆಗೇ. ಹೊಸ ಔಷಧಿ ಅಂದ್ರೆ ವರ್ಷಗಟ್ಟಲೆ ಪರೀಕ್ಷೆ ಆಗ್ಬೇಕು. ಆದ್ರೆ ಪಿಆರ್‌ಪಿ ರೋಗಿಯ ಸ್ವಂತ ರಕ್ತ. ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು ರಕ್ತ ತಿರುಗಿಸೋ ಮಷೀನು, ಕಿಟ್‌ಗಳಿಗೆ, ಅದೂ ಸಾಮಾನ್ಯವಾಗಿ ಮೂಳೆ ಕಸಿಗೆ ಬೆರೆಸೋ ಉದ್ದೇಶಕ್ಕೆ. ಅದನ್ನ ಮಂಡಿಗೆ ಚುಚ್ಚೋದು ವೈದ್ಯರ ಸ್ವಂತ ತೀರ್ಮಾನ. ಅಂದ್ರೆ ಮುಂಬಾಗಿಲಲ್ಲಿ ಔಷಧಿಯನ್ನ ತಡೆದು ವಿಚಾರಿಸ್ತಿದ್ರೆ, ಪಿಆರ್‌ಪಿ ಹಿತ್ತಿಲ ಬಾಗಿಲಲ್ಲಿ ಒಳಗೆ ಬಂತು. ಕಳ್ಳತನ ಅಲ್ಲ, ಕಾನೂನುಬದ್ಧವೇ. ಆದ್ರೆ ಪರೀಕ್ಷೆ ಹಿಂದೆ ಬಿತ್ತು.

2009ರ ಫೆಬ್ರವರಿಯಲ್ಲಿ ಅದಕ್ಕೆ ಬಿಟ್ಟಿ ಜಾಹೀರಾತೂ ಸಿಕ್ಕಿತು. ಅಮೆರಿಕನ್ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಮಂಡಿಯ ಲಿಗಮೆಂಟ್ ಪೆಟ್ಟಾಗಿ, ಪಿಆರ್‌ಪಿ ತಗೊಂಡು, ಸೂಪರ್ ಬೌಲ್ ಫೈನಲ್‌ನಲ್ಲಿ ಆಡಿದರು. ಅವರ ತಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಗೆದ್ದೂಬಿಟ್ಟಿತು. ಜನ ಹೇಳದೆ ಬಿಟ್ಟ ವಿಷಯ: ಅವರಿಗೆ 32 ವರ್ಷ, ಆಗಿದ್ದು ಹೊಸ ಪೆಟ್ಟು. ನಮ್ಮ ಅಮ್ಮಂದಿರದ್ದು ವರ್ಷಾನುಗಟ್ಟಲೆ ಸವೆದ ಕೀಲು. ಎರಡೂ ಮಂಡಿನೇ, ಕಾಯಿಲೆ ಬೇರೆ. ಅತ್ತ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2010ರಲ್ಲಿ ಸ್ನಾಯುವಿಗೆ ಪಿಆರ್‌ಪಿ ಚುಚ್ಚೋದನ್ನ ನಿಷೇಧಿಸಿ, 2011ರಲ್ಲಿ ನಿಷೇಧ ತೆಗೆಯಿತು.

ಸವೆದ ಮಂಡಿಯ ಪರೀಕ್ಷೆಗಳಲ್ಲಿ ನಮ್ಮ ದೇಶದ್ದೂ ಒಂದಿದೆ. 2013ರಲ್ಲಿ ಚಂಡೀಗಢದ ಪಿಜಿಐ ವೈದ್ಯರು 78 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಒಂದು ಪಿಆರ್‌ಪಿ, ಕೆಲವರಿಗೆ ಎರಡು, ಉಳಿದವರಿಗೆ ಬರೀ ಸಲೈನ್. ಪಿಆರ್‌ಪಿ ತಗೊಂಡವರಿಗೆ ನೋವು ಕಡಿಮೆ ಆಯ್ತು, ಆದ್ರೆ ಆರು ತಿಂಗಳ ಹೊತ್ತಿಗೆ ಲಾಭ ಇಳಿಯೋಕೆ ಶುರುವಾಗಿತ್ತು. ಒಂದಕ್ಕಿಂತ ಎರಡು ಇಂಜೆಕ್ಷನ್ ಮೇಲು ಅಂತಲೂ ಕಾಣಲಿಲ್ಲ. ‘ಪ್ಯಾಕೇಜ್’ ಮಾತಾಡೋರ ಮುಂದೆ ಇದನ್ನ ನೆನಪಿಟ್ಟುಕೊಳ್ಳಿ.

ದೊಡ್ಡ ಪೆಟ್ಟು ಬಿದ್ದಿದ್ದು 2021ರಲ್ಲಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕಿಮ್ ಬೆನೆಲ್ ತಂಡ ಆಸ್ಟ್ರೇಲಿಯಾದಲ್ಲಿ 50 ದಾಟಿದ 288 ಜನರಿಗೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಕೊಟ್ಟಿತ್ತು. ಅರ್ಧದಷ್ಟು ಜನರಿಗೆ ಪಿಆರ್‌ಪಿ, ಉಳಿದವರಿಗೆ ಸಲೈನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಚುಚ್ಚೋ ವೈದ್ಯರಿಗೂ ಗೊತ್ತಿಲ್ಲ. ವರ್ಷದ ನಂತರ 10 ಅಂಕದ ಅಳತೆಯಲ್ಲಿ ಪಿಆರ್‌ಪಿ ಗುಂಪಿನ ನೋವು 2.1 ಅಂಕ ಇಳಿದಿತ್ತು. ಸಲೈನ್ ಗುಂಪಿನದ್ದು? 1.8. ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಅಲ್ಲ. ಕಾರ್ಟಿಲೇಜ್ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸವೆದಿತ್ತು.

ಉಪ್ಪುನೀರಿಗೂ ನೋವು ಇಳೀತಲ್ಲ, ಹೇಗೆ? ಮಂಡಿನೋವು ಏರೋದು ಇಳಿಯೋದು ಇದ್ದದ್ದೇ. ಜನ ಆಸ್ಪತ್ರೆಗೆ ಹೋಗೋದು ನೋವು ಜೋರಾದಾಗ, ಆಮೇಲೆ ತಾನಾಗೇ ಸ್ವಲ್ಪ ತಗ್ಗುತ್ತೆ. ನಂಬಿಕೆಯ ಕೆಲಸವೂ ಇದೆ. ಹಾಗಾಗಿ ‘ನಮ್ಮತ್ತೆಗೆ ಗುಣ ಆಯ್ತು’ ಅನ್ನೋರು ಸುಳ್ಳು ಹೇಳ್ತಿಲ್ಲ. ಗುಣ ಆಗಿದ್ದು ಪಿಆರ್‌ಪಿಯಿಂದಲೇನಾ ಅನ್ನೋದಷ್ಟೇ ಪ್ರಶ್ನೆ.

ಪಿಆರ್‌ಪಿ ಪರ ಇರೋರು ಸುಮ್ಮನಾಗಿಲ್ಲ. ಮೆಲ್ಬರ್ನ್ ಪರೀಕ್ಷೆಯ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ಸಾಲದು ಅನ್ನೋದು ಅವರ ವಾದ. ವಾದದಲ್ಲಿ ಹುರುಳಿದೆ. ಒಂದೊಂದು ಕಿಟ್ ಒಂದೊಂದು ಥರ, ಪ್ಲೇಟ್‌ಲೆಟ್ ಪ್ರಮಾಣ ಬೇರೆ, ಬಿಳಿ ರಕ್ತಕಣ ಇರೋದು ಬಿಡೋದು ಬೇರೆ. ಆದ್ರೆ ಅದೇ ಮಾತು ಕ್ಲಿನಿಕ್‌ನಲ್ಲಿ ಕೊಡೋ ಸಿರಿಂಜ್‌ಗೂ ಅನ್ವಯ ಆಗ್ಬೇಕಲ್ವಾ? ತಜ್ಞರೂ ಎರಡು ಪಾಲಾಗಿದ್ದಾರೆ. ಅಮೆರಿಕದ ಸಂಧಿವಾತ ವೈದ್ಯರ ಸಂಘ 2019ರಲ್ಲಿ ಸವೆದ ಮಂಡಿಗೆ ಪಿಆರ್‌ಪಿ ಬೇಡವೇ ಬೇಡ ಅಂದಿತು. ಮೂಳೆ ಸರ್ಜನ್‌ಗಳ ಅಕಾಡೆಮಿ 2021ರಲ್ಲಿ, ನೋವು ಕಡಿಮೆ ಮಾಡಬಹುದು, ಪುರಾವೆ ಸೀಮಿತ ಅಂದಿತು. ತೂಕ ಇಳಿಸೋದು, ವ್ಯಾಯಾಮ ಮಾಡೋದು ಒಳ್ಳೇದು ಅನ್ನೋದರಲ್ಲಿ ಮಾತ್ರ ಜಗಳ ಇಲ್ಲ. ಅದಕ್ಕೆ ಕಿಟ್ ಮಾರೋಕಾಗಲ್ಲ, ಆ ಮಾತು ಬೇರೆ.

ಮುಂದಿನ ಸಲ ಅಮ್ಮನ ಜೊತೆ ಹೋದಾಗ ಡಾಕ್ಟರ್ ಹತ್ರ ಎರಡು ವಿಷಯ ಕೇಳಿ: ಈ ಸಿರಿಂಜ್‌ನಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ, ಎಣಿಸಿದ್ದೀರಾ? ಆರು ತಿಂಗಳಾದ ಮೇಲೆ ನೋವು ವಾಪಸ್ ಬಂದ್ರೆ ಏನು ಮಾಡ್ತೀರಾ? ಡೆಂಗಿ ಬಂದಾಗ ಕೌಂಟ್ ಕೇಳೋ ನಾವು, ಇಲ್ಲೂ ಕೇಳಬಹುದು.