ಖಿಜಡಿಯಾ: ಒಂದು ಒಡ್ಡಿನ ಎರಡು ಬದಿ

ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಪಕ್ಷಿವೀಕ್ಷಣೆಯೆಂದರೆ ಅಹಮದಾಬಾದಿಗೆ ಸಮೀಪದ ನಲ್ ಸರೋವರವೇ ಮೊದಲು ನೆನಪಾಗುತ್ತದೆ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದೆಂಬುದೇ ಅದಕ್ಕೆ ಮುಖ್ಯ ಕಾರಣವಿರಬೇಕು! ಆದರೆ ಕಡಲಂಚಿನ ಉಪ್ಪುಜೌಗನ್ನು ಕಾಣಬಯಸುವವರು ಒಂದು ರಾತ್ರಿಯ ಪ್ರಯಾಣಕ್ಕೆ ಸಿದ್ಧರಾಗಿ ಜಾಮನಗರಕ್ಕೆ ಹೋಗಬೇಕು. ಅಲ್ಲಿಂದ ಸುಮಾರು 12 ಕಿ.ಮೀ. ದೂರದಲ್ಲಿ, ಕಛ್ ಕೊಲ್ಲಿಯ ದಂಡೆಯಲ್ಲಿ, ಖಿಜಡಿಯಾ ಪಕ್ಷಿಧಾಮವಿದೆ.

ಈ ಪಕ್ಷಿಧಾಮವು ಪ್ರಕೃತಿಯೊಂದರಿಂದಲೇ ಆದುದಲ್ಲ. ಕಡಲಿನ ಉಪ್ಪುನೀರು ಹೊಲಗಳಿಗೆ ನುಗ್ಗದಿರಲೆಂದು ಅಂದಿನ ನವಾನಗರ ಸಂಸ್ಥಾನದ ಅರಸರು 1920ರಲ್ಲಿ ಇಲ್ಲಿ ಒಡ್ಡು ಕಟ್ಟಿಸಿದರು. ಒಳಗೆ ಮಳೆಯ ಸಿಹಿನೀರು ನಿಂತಿತು, ಹೊರಗೆ ಉಬ್ಬರವಿಳಿತದ ಕೆಸರುಬಯಲು ಉಳಿಯಿತು. ಕುಮಟಾ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಕಗ್ಗ ಭತ್ತಕ್ಕಾಗಿ ಹಿರಿಯರು ಕಟ್ಟುತ್ತಿದ್ದ ಒಡ್ಡಿನ ಉದ್ದೇಶವೂ ಇದೇ. ಅರಸರು ರೈತರಿಗಾಗಿ ಮಾಡಿದ ಕೆಲಸ ಹಕ್ಕಿಗಳಿಗೂ ಒದಗಿತು. 1982ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ, ಸುಮಾರು 6 ಚದರ ಕಿ.ಮೀ. ವಿಸ್ತಾರದ ಈ ತಾಣವು 2022ರ ಫೆಬ್ರವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಪ್ರಕಟವಾಯಿತು. ಇಲ್ಲಿ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ.

ಒಡ್ಡಿನ ಮೇಲೆ ನಿಂತರೆ ಎರಡು ಲೋಕಗಳು ಕಾಣುತ್ತವೆ. ಸಿಹಿನೀರಿನ ಬದಿಯಲ್ಲಿ ಜೊಂಡು, ಬಾತುಗಳು, ಬಣ್ಣದ ಕೊಕ್ಕರೆ, ಅದೃಷ್ಟವಿದ್ದರೆ ಕಪ್ಪು ಕತ್ತಿನ ಕೊಕ್ಕರೆ. ಇನ್ನೊಂದು ಬದಿಯಲ್ಲಿ ಉಪ್ಪನ್ನು ಹೀರಿ ತುಂಬಿಕೊಂಡ ಗಿಡ್ಡ ಜೌಗುಗಿಡಗಳು, ಉಪ್ಪಿನ ಆಗರಗಳು, ಇಲ್ಲಿಯವರು ಚೇರ್ ಎನ್ನುವ ಕಾಂಡ್ಲಾ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಯನ್ನು ಬಲ್ಲವರು ಚಳಿಗಾಲದಲ್ಲಿ ಇಲ್ಲಿಗೆ ಬರುವ ಡಾಲ್ಮೇಷಿಯನ್ ಹೆಜ್ಜಾರ್ಲೆಯ ಗಾತ್ರಕ್ಕೆ ಬೆರಗಾಗುವರು. ಗುಜರಾತಿನ ರಾಜ್ಯಪಕ್ಷಿಯಾದ ರಾಜಹಂಸವನ್ನು ಸ್ಥಳೀಯರು ಸುರಖಾಬ್ ಎನ್ನುತ್ತಾರೆ. ಸಾಮಾನ್ಯ ಕ್ರೌಂಚಗಳ ಸಾಲುಗಳು ಸಂಜೆ ತಂಗಲು ಇಳಿಯುವಾಗ ಮೊದಲು ಅವುಗಳ ದನಿ ಕೇಳಿಸುತ್ತದೆ, ಹಕ್ಕಿ ಆಮೇಲೆ ಕಾಣಿಸುತ್ತದೆ. ಕೆಳಕೊಕ್ಕಿನಿಂದ ನೀರನ್ನು ಸೀಳುತ್ತ ಹಾರುವ ಇಂಡಿಯನ್ ಸ್ಕಿಮ್ಮರ್ ಅಳಿವಿನಂಚಿನ ಹಕ್ಕಿ. ಅದೂ ಇಲ್ಲಿಗೆ ಬರುವುದುಂಟು.

ನಾವು ಮೊದಲ ಸಲ ಹೋದಾಗ ಕಡಲು ಇಳಿದಿತ್ತು. ಕೆಸರಿನಾಚೆ ಹಕ್ಕಿಗಳು ಚುಕ್ಕೆಗಳಂತೆ ಕಂಡವು, ಮಕ್ಕಳು ಬೇಸತ್ತರು. ತಪ್ಪು ನಮ್ಮದೇ. ಇಳಿತದಲ್ಲಿ ದಂಡೆಹಕ್ಕಿಗಳು ಹುಳು, ಏಡಿಗಳನ್ನು ಹುಡುಕುತ್ತ ಕೆಸರುಬಯಲಿನುದ್ದಕ್ಕೂ ಚದುರುತ್ತವೆ. ಉಬ್ಬರ ಏರಿದಂತೆ ನೆಲ ಸಾಲದೆ ಆಗರಗಳಿಗೂ ಒಡ್ಡಿನ ಬಳಿಗೂ ಬಂದು ಗುಂಪುಗೂಡುತ್ತವೆ. ಆದ್ದರಿಂದ ರೈಲಿನ ವೇಳೆಯ ಜೊತೆಗೆ ಉಬ್ಬರದ ವೇಳೆಯನ್ನೂ ನೋಡಿಕೊಂಡು ಹೊರಡುವುದು ಲೇಸು. ದಿನಕ್ಕೆ ಎರಡು ಉಬ್ಬರಗಳು, ಪ್ರತಿದಿನವೂ ಸುಮಾರು 50 ನಿಮಿಷ ತಡವಾಗಿ ಬರುತ್ತವೆ.

ಆ ವರ್ಷದ ಮಳೆಯನ್ನೂ ವಿಚಾರಿಸಬೇಕು. ಸೌರಾಷ್ಟ್ರದಲ್ಲಿ ಮಳೆ ಕೈಕೊಟ್ಟರೆ ಒಡ್ಡಿನ ಒಳಬದಿ ಬೇಗ ಬತ್ತುತ್ತದೆ. ಒಡ್ಡು ಒಡೆದರೆ ಉಪ್ಪುನೀರು ಒಳನುಗ್ಗುತ್ತದೆ. ಎರಡರಲ್ಲಿ ಯಾವುದಾದರೂ ಸಿಹಿನೀರಿನ ಹಕ್ಕಿಗಳಿಗೆ ನೆಲೆ ತಪ್ಪುತ್ತದೆ. ರಾಮ್ಸಾರ್ ಮನ್ನಣೆಯಿಂದ ಮಳೆ ಬರುವುದಿಲ್ಲ, ಒಡ್ಡೂ ತಾನಾಗಿ ದುರಸ್ತಿಯಾಗುವುದಿಲ್ಲ. ಇಲ್ಲಿಗೆ ಹೋದವರು ಹಕ್ಕಿಗಳೊಡನೆ ಒಡ್ಡನ್ನೂ ನೋಡಿ ಬರಬೇಕೆಂಬುದು ನಮ್ಮ ಅಭಿಪ್ರಾಯ.

ನವೆಂಬರಿನಿಂದ ಫೆಬ್ರವರಿಯವರೆಗೆ ಸೂಕ್ತಕಾಲ. ಅರಣ್ಯ ಇಲಾಖೆಯ ಪ್ರವೇಶಪತ್ರ ಅಗತ್ಯ. ದುರ್ಬೀನು, ಟೊಪ್ಪಿ, ಕುಡಿಯುವ ನೀರು ಜೊತೆಗಿರಲಿ. ಹಕ್ಕಿಗಳನ್ನು ಹಾರಿಸಿ ಚಿತ್ರ ತೆಗೆಯುವ ಚಪಲ ಬೇಡ. ಸಾವಿರಾರು ಮೈಲಿ ಹಾರಿ ಬಂದವು ಅವು, ಮರುಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ಇನ್ನೊಂದು ದಿನ ಬಿಡುವಿದ್ದವರು ವಾಡಿನಾರ್ ಬಳಿಯ ನರಾರಾಕ್ಕೆ ಹೋಗಬಹುದು. ಕಡಲ ರಾಷ್ಟ್ರೀಯ ಉದ್ಯಾನದ ಆ ಭಾಗದಲ್ಲಿ ಹವಳದ ನಡುವೆ ನಡೆದಾಡಬೇಕಾದರೆ ಇಳಿತವೇ ಬೇಕು. ಹಳೆಯದಾದರೂ ಗಟ್ಟಿಯಾದ ಬೂಟುಗಳನ್ನು ಒಯ್ಯಿರಿ, ಚಪ್ಪಲಿ ಕೆಸರಿನಲ್ಲೇ ಉಳಿದುಬಿಡುತ್ತದೆ.