ಹಾಲಿಚ್: ಉಸಿರುಗಟ್ಟಿದ ಅಳಿವೆಯ ಕಥೆ

ಇಸ್ತಾಂಬುಲ್‌ನ ಮೀನುಗಳ ಬಗ್ಗೆ ಎರಡು ಸಾವಿರ ವರ್ಷಗಳಷ್ಟು ಹಳೆಯ ದಾಖಲೆಯೊಂದಿದೆ. ಅಂದು ಆ ಊರಿನ ಹೆಸರು ಬೈಝಾಂಟಿಯಂ. ಊರಿನ ಪಕ್ಕದಲ್ಲೇ ಕೊಂಬಿನ ಆಕಾರದ ಒಂದು ಕೊಲ್ಲಿ. ಕಪ್ಪು ಸಮುದ್ರದ ಕಡೆಯಿಂದ ಇಳಿದು ಬರುವ ಮೀನಿನ ಹಿಂಡುಗಳು ಪ್ರವಾಹದ ಸೆಳೆತಕ್ಕೆ ಸಿಕ್ಕಿ ಈ ಕೊಂಬಿನೊಳಗೆ ನುಗ್ಗುತ್ತವೆ, ಆ ಇಕ್ಕಟ್ಟಿನಲ್ಲಿ ಅವನ್ನು ಬರಿಗೈಯಿಂದಲೇ ಹಿಡಿಯಬಹುದು ಎಂದು ಗ್ರೀಕ್ ಭೂಗೋಳಶಾಸ್ತ್ರಜ್ಞ ಸ್ಟ್ರಾಬೊ ಬರೆದಿಟ್ಟಿದ್ದಾನೆ. ಅವನು ಹೇಳಿದ್ದು ಇಂದು ತುರ್ಕಿಯವರು 'ಪಾಲಾಮುಟ್' ಎಂದು ಕರೆಯುವ, ನಮ್ಮ ಬಂಗುಡೆಯ ಕುಟುಂಬಕ್ಕೇ ಸೇರಿದ ದೊಡ್ಡ ಮೀನಿನ ವಿಷಯ. ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೆ ಆ ಊರು ಮೀನಿನಿಂದ ಶ್ರೀಮಂತವಾಯಿತು ಎಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ.

1980ರ ಹೊತ್ತಿಗೆ ಅದೇ ಕೊಲ್ಲಿಯ ಒಳಭಾಗದಲ್ಲಿ ಮೀನು ಬದುಕುವಂತಿರಲಿಲ್ಲ. ನೀರು ಕಪ್ಪಾಗಿತ್ತು. ಕೊಳೆತ ಮೊಟ್ಟೆಯಂತಹ ದುರ್ವಾಸನೆ ದಡದ ಬೀದಿಗಳನ್ನು ತುಂಬಿತ್ತು. ಬೇಸಿಗೆಯಲ್ಲಿ ದಡದ ಮನೆಗಳವರು ಕಿಟಕಿ ತೆರೆಯಲು ಹಿಂಜರಿಯುತ್ತಿದ್ದರು. 'ಚಿನ್ನದ ಕೊಂಬು' ಎಂದು ಜಗತ್ತು ಕರೆಯುತ್ತಿದ್ದ ಜಲಪ್ರದೇಶವೊಂದು ಇಂತಹ ಗತಿಗೆ ಬಂದದ್ದು ಹೇಗೆ? ಅದಕ್ಕಿಂತ ಕುತೂಹಲದ ಪ್ರಶ್ನೆ: ಅದು ಚೇತರಿಸಿಕೊಂಡದ್ದು ಹೇಗೆ, ಮತ್ತು ಆ ಚೇತರಿಕೆಯ ಬೆಲೆಯನ್ನು ಕೊಟ್ಟವರು ಯಾರು?

ತುರ್ಕಿ ಭಾಷೆಯಲ್ಲಿ ಇದರ ಹೆಸರು ಹಾಲಿಚ್. ಕೊಲ್ಲಿ ಎಂಬ ಅರ್ಥದ ಅರಬಿಯ 'ಖಲೀಜ್' ಎಂಬ ಪದವೇ ಇದರ ಮೂಲ. ಉದ್ದ ಸುಮಾರು ಏಳೂವರೆ ಕಿಲೋಮೀಟರ್. ಅತಿ ಅಗಲವಾದಲ್ಲಿ ಮುಕ್ಕಾಲು ಕಿಲೋಮೀಟರ್. ಬಾಯಿಯ ಬಳಿ ಬಾಸ್ಫರಸ್ ಜಲಸಂಧಿ ಮರ್ಮರ ಸಮುದ್ರವನ್ನು ಸೇರುತ್ತದೆ, ಅಲ್ಲಿ ದೊಡ್ಡ ಹಡಗುಗಳು ನಿಲ್ಲುವಷ್ಟು ಆಳವಿದೆ. ಇನ್ನೊಂದು ತುದಿಯಲ್ಲಿ ಅಲಿಬೇಕೊಯ್ ಮತ್ತು ಕಾಗಿತ್‌ಹಾನೆ ಎಂಬ ಎರಡು ಸಣ್ಣ ಹೊಳೆಗಳು ಬಂದು ಸೇರುತ್ತವೆ. ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ಒಂದರೊಳಗೊಂದು ಬೆರೆಯುವ ಇಂತಹ ಜಾಗವನ್ನು ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಳಿವೆ ಬದುಕುವುದು ಚಲನೆಯಿಂದ. ಒಳಗಿನ ನೀರು ಹೊರಗೆ ಹೋಗುತ್ತಿರಬೇಕು, ಹೊರಗಿನದು ಒಳಗೆ ಬರುತ್ತಿರಬೇಕು. ಮುಂದೆ ಹೇಳುವ ಎಲ್ಲ ಸಂಗತಿಗಳಿಗೂ ಈ ಮಾತು ಬೇಕಾಗುತ್ತದೆ.

1453ರಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹ್ ನಗರಕ್ಕೆ ಮುತ್ತಿಗೆ ಹಾಕಿದಾಗ ಹಾಲಿಚ್‌ನ ಬಾಯಿಗೆ ಅಡ್ಡಲಾಗಿ ದೊಡ್ಡ ಕಬ್ಬಿಣದ ಸರಪಳಿ ಇತ್ತು. ಸುಲ್ತಾನರು ಹಡಗುಗಳನ್ನು ಗುಡ್ಡದ ಮೇಲಿನಿಂದ ಎಳೆಸಿ ಒಳಗಿನ ನೀರಿಗೆ ಇಳಿಸಿದ ಕಥೆಯನ್ನು ಓದುಗರು ಬಲ್ಲರು. ವಿಜಯದ ನಂತರ ಪ್ರವಾದಿ(ಸ)ರ ಸಂಗಾತಿ ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಹೆಸರಿನಲ್ಲಿ ಮೇಲ್ತುದಿಯ ದಡದಲ್ಲಿ 1458ರಲ್ಲಿ ಮಸೀದಿ ಎದ್ದಿತು. ಆ ಪ್ರದೇಶವೇ ಇಂದಿನ ಅಯ್ಯೂಬ್. ಅದಕ್ಕೂ ಮುಂಚೆಯೇ ಕಾಸಿಂಪಾಷಾದಲ್ಲಿ ಸಾಮ್ರಾಜ್ಯದ ಹಡಗುಕಟ್ಟೆ ಶುರುವಾಗಿತ್ತು. ಬಲಾತ್‌ನಲ್ಲಿ ಯಹೂದಿಗಳು, ಫೆನೆರ್‌ನಲ್ಲಿ ಗ್ರೀಕ್ ಕ್ರೈಸ್ತರು, ಅಯ್ಯೂಬ್‌ನಲ್ಲಿ ಮುಸ್ಲಿಮರು ಹೀಗೆ ಒಂದೇ ನೀರಿನ ದಡದಲ್ಲಿ ಎಲ್ಲರೂ ನೆಲೆಸಿದ್ದರು. 1722ರಲ್ಲಿ ಮೂರನೇ ಅಹ್ಮದ್ ಸುಲ್ತಾನರ ಕಾಲದಲ್ಲಿ ಕಾಗಿತ್‌ಹಾನೆ ಹೊಳೆಯ ಅಂಚಿನಲ್ಲಿ ಸಾದಾಬಾದ್ ಅರಮನೆ, ಅದರ ಸುತ್ತ ತೋಟಗಳು ಬಂದವು. ಆ ಹೊಳೆಗಳನ್ನು ಯುರೋಪಿನ ಪ್ರವಾಸಿಗರು 'ಸಿಹಿನೀರುಗಳು' ಎಂದು ಕರೆಯುತ್ತಿದ್ದರು. ನಗರದವರು ವಸಂತದಲ್ಲಿ ದೋಣಿ ಕಟ್ಟಿಕೊಂಡು ಅಲ್ಲಿಗೆ ವಿಹಾರಕ್ಕೆ ಹೋಗುತ್ತಿದ್ದರು.

ಉಸ್ಮಾನಿಯಾ ಕಾಲದಲ್ಲಿ ಎಲ್ಲವೂ ನಿರ್ಮಲವಾಗಿತ್ತು, ಆಧುನಿಕರು ಬಂದು ಕೆಡಿಸಿದರು ಎಂದು ಬರೆದುಬಿಡುವುದು ಸುಲಭ. ಇತಿಹಾಸ ಹಾಗೆ ಹೇಳುವುದಿಲ್ಲ. ಕಾಗಿತ್‌ಹಾನೆ ಎಂದರೆ ಕಾಗದದ ಖಾನೆ. ನಮ್ಮ 'ಕಾರ್ಖಾನೆ'ಯಲ್ಲಿರುವ ಖಾನೆಯೇ ಅದು. ಸಿಹಿನೀರಿನ ಹೊಳೆಯ ಹೆಸರಿನಲ್ಲೇ ಕಾರ್ಖಾನೆ ಅಡಗಿತ್ತು! ಸೈನಿಕರ ಮುಂಡಾಸನ್ನು ತೆಗೆಸಿ ಫೆಝ್ ಟೋಪಿ ತೊಡಿಸಿದ ಎರಡನೇ ಮಹಮೂದ್ ಸುಲ್ತಾನರ ಸರಕಾರ, 1830ರ ದಶಕದಲ್ಲಿ ಟೋಪಿ ತಯಾರಿಕೆಗಾಗಿ ಸ್ಥಾಪಿಸಿದ 'ಫೆಸ್‌ಹಾನೆ' ಕಾರ್ಖಾನೆ ನೆಲೆ ನಿಂತದ್ದು ಅಯ್ಯೂಬ್‌ನ ದಡದಲ್ಲೇ. ಉಣ್ಣೆ ತೊಳೆದ ನೀರು, ಬಣ್ಣ ಹಾಕಿದ ನೀರು ಬೇರೆಲ್ಲಿಗೆ ಹೋಗಬೇಕು?

ಇನ್ನು ಸೇತುವೆಗಳ ವಿಷಯ. 1502ರಲ್ಲಿ ಎರಡನೇ ಬಾಯಝೀದ್ ಸುಲ್ತಾನರಿಗಾಗಿ ಇಟಲಿಯ ಲಿಯೊನಾರ್ಡೊ ಡ ವಿಂಚಿ ಹಾಲಿಚ್‌ಗೆ ಒಂದೇ ಕಮಾನಿನ ಕಲ್ಲಿನ ಸೇತುವೆಯ ನಕ್ಷೆ ಬರೆದಿದ್ದ. ಸುಮಾರು 240 ಮೀಟರ್ ಉದ್ದದ ಆ ಕಮಾನು ನೀರಿಗೆ ಕಾಲಿಡುತ್ತಲೇ ಇರಲಿಲ್ಲ. ಅದು ಕಾಗದದಲ್ಲೇ ಉಳಿಯಿತು. ಮೂರು ಶತಮಾನಗಳ ನಂತರ, 1836ರಲ್ಲಿ ಒಂದು ಸೇತುವೆ ಬಂತು, 1845ರಲ್ಲಿ ಗಲಾಟಾ ಸೇತುವೆ. ಇವೆಲ್ಲ ತೇಲುಸೇತುವೆಗಳು. 1912ರಲ್ಲಿ ಜರ್ಮನ್ ಕಂಪೆನಿಯೊಂದು ಕಟ್ಟಿದ ನಾಲ್ಕನೇ ಗಲಾಟಾ ಸೇತುವೆಯೂ ದೊಡ್ಡ ಕಬ್ಬಿಣದ ತೇಲುಪೆಟ್ಟಿಗೆಗಳ ಮೇಲೆ ನಿಂತಿತ್ತು. 1940ರಲ್ಲಿ ಮೇಲ್ಗಡೆ ಬಂದ ಅತಾತುರ್ಕ್ ಸೇತುವೆಯೂ ಹಾಗೆಯೇ. ಜನರಿಗೆ ಅನುಕೂಲವಾಯಿತು, ನಗರದ ಎರಡು ಭಾಗಗಳು ಬೆಸೆದವು. ಆದರೆ ಹೊಳೆಯ ಹಗುರವಾದ ನೀರು ಕಡಲಿಗೆ ಹೋಗುವುದು ಮೇಲ್ಪದರದಲ್ಲಿ. ಸಾಲಾಗಿ ನಿಂತ ಆ ಪೆಟ್ಟಿಗೆಗಳು ಸರಿಯಾಗಿ ಆ ಪದರಕ್ಕೇ ಗೋಡೆ ಕಟ್ಟಿದವು. 1453ರ ಸರಪಳಿ ಹಡಗುಗಳನ್ನು ತಡೆದಿತ್ತು, ಈ ಪೆಟ್ಟಿಗೆಗಳು ನೀರನ್ನೇ ತಡೆದವು.

ತಡೆದ ನೀರಿಗೆ ಬಂದು ಬೀಳುವ ಕೊಳೆ ಮಾತ್ರ ದಿನದಿನಕ್ಕೆ ಹೆಚ್ಚಿತು. 1914ರಲ್ಲಿ ಮೇಲ್ತುದಿಯ ಸಿಲಾಹ್ತಾರ್‌ಅಗಾದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಆರಂಭವಾಯಿತು. ಇಡೀ ನಗರಕ್ಕೆ ಬೆಳಕು ಕೊಟ್ಟ ಸ್ಥಾವರವದು. 1923ರಲ್ಲಿ ಸುತ್ಲುಜೆಯಲ್ಲಿ ದೊಡ್ಡ ಕಸಾಯಿಖಾನೆ. ನಂತರ 1936ರಲ್ಲಿ ಫ್ರೆಂಚ್ ನಗರಯೋಜಕ ಹೆನ್ರಿ ಪ್ರೋಸ್ಟ್ ಇಸ್ತಾಂಬುಲ್‌ಗೆ ಬಂದರು. ಅವರ ನಕ್ಷೆಯಲ್ಲಿ ಹಾಲಿಚ್‌ನ ದಡಗಳು ಕೈಗಾರಿಕಾ ವಲಯವಾದವು. ಪ್ರೋಸ್ಟ್‌ರನ್ನೇ ದೂರಿ ಫಲವಿಲ್ಲ; ಸರಕು ಸಾಗಿಸಲು ನೀರುದಾರಿ, ಮೊದಲೇ ನಿಂತ ಕಾರ್ಖಾನೆಗಳು ಎಲ್ಲ ಅಲ್ಲೇ ಇದ್ದವು. ಆದರೆ ಅಲ್ಲಿಯವರೆಗೆ ತಾನಾಗಿ ನಡೆಯುತ್ತಿದ್ದ ಕೆಡುಕಿಗೆ ಈಗ ಸರಕಾರದ ಮುದ್ರೆ ಬಿತ್ತು. 1950ರ ನಂತರ ಅನಾತೋಲಿಯಾದ ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಬಡವರು ಎರಡೂ ಹೊಳೆಗಳ ಇಳಿಜಾರುಗಳಲ್ಲಿ ರಾತ್ರೋರಾತ್ರಿ ಮನೆ ಕಟ್ಟಿಕೊಂಡರು. ಅಂತಹ ಮನೆಗೆ ತುರ್ಕಿಯಲ್ಲಿ 'ಗೆಜೆಕೊಂಡು' ಎಂದೇ ಹೆಸರು, ರಾತ್ರಿಯಲ್ಲಿ ಇಳಿದದ್ದು ಎಂದರ್ಥ. ಒಳಚರಂಡಿ ಇರಲಿಲ್ಲ. ಮರ ಬೋಳಾದ ಗುಡ್ಡಗಳ ಮಣ್ಣು ಮಳೆಗೆ ಕೊಚ್ಚಿ ಬಂತು. ಇದರ ಮೇಲೆ, ನಗರಕ್ಕೆ ಕುಡಿಯುವ ನೀರು ಕೊಡಲು ಅಲಿಬೇ ಹೊಳೆಗೆ ಅಣೆಕಟ್ಟು ಕಟ್ಟಲಾಯಿತು. ಕೊಳೆಯನ್ನು ತಳ್ಳಿಕೊಂಡು ಹೋಗುತ್ತಿದ್ದ ಸಿಹಿನೀರೂ ಕಡಿಮೆಯಾಯಿತು.

ನೀರಿಗೆ ಬಿದ್ದ ಮಲ, ರಕ್ತ, ಕೊಬ್ಬು ಇವನ್ನೆಲ್ಲ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನಿಂತ ನೀರಿನಲ್ಲಿ ಅದು ಬೇಗ ಮುಗಿದುಹೋಗುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಬದುಕಬಲ್ಲ ಬೇರೊಂದು ಜಾತಿಯ ಜೀವಿಗಳು ಕೆಲಸಕ್ಕಿಳಿಯುತ್ತವೆ. ಕಡಲ ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಅವು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದು, ಮೀನಿಗೆ ಅದು ವಿಷ. ಅಯ್ಯೂಬ್‌ನ ಮುಂದೆ ಹೂಳು ತುಂಬಿ ದ್ವೀಪಗಳೇ ಎದ್ದಿದ್ದವು.

1984ರಲ್ಲಿ ಮೇಯರ್ ಆದ ಬೆದ್ರೆತ್ತಿನ್ ದಾಲಾನ್ ಎಂಬವರು ಹಾಲಿಚ್‌ನ ನೀರನ್ನು ತನ್ನ ಕಣ್ಣುಗಳಷ್ಟೇ ನೀಲಿ ಮಾಡುತ್ತೇನೆ ಎಂದು ಘೋಷಿಸಿದರು. ಅವರದು ನೀಲಿ ಕಣ್ಣುಗಳು. ರಾಜಕಾರಣಿಗಳ ಮಾತು ಎಂದು ಜನ ನಕ್ಕಿರಬೇಕು. ಆದರೆ ಬುಲ್ಡೋಝರ್‌ಗಳು ನಿಜವಾಗಿಯೂ ಬಂದವು. ಐದು ವರ್ಷಗಳಲ್ಲಿ ದಡದ ನೂರಾರು ಕಾರ್ಖಾನೆಗಳು, ಸಾವಿರಾರು ಅಂಗಡಿ, ಗೋದಾಮು, ಮನೆಗಳು ನೆಲಸಮವಾದವು. ಆ ಜಾಗದಲ್ಲಿ ಹುಲ್ಲುಹಾಸು ಬಂತು, ಅದರಡಿ ಕೊಳಚೆ ನೀರನ್ನು ಒಟ್ಟುಗೂಡಿಸುವ ದೊಡ್ಡ ಕೊಳವೆಗಳು ಬಂದವು. ಹಾಲಿಚ್ ಬದುಕಲು ಆ ಕೊಳವೆಗಳು ಬೇಕೇ ಇದ್ದವು. ಆದರೆ ಫೆನೆರ್, ಬಲಾತ್‌ನ ದಡದಲ್ಲಿ ಶತಮಾನಗಳಿಂದ ಉಳಿದಿದ್ದ ಹಳೆಯ ಕಟ್ಟಡಗಳೂ ಕಾರ್ಖಾನೆಗಳ ಜೊತೆಗೇ ಉರುಳಿದವು. ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು. ಕೆಲಸದ ಸ್ಥಳ ನಗರದ ಹೊರವಲಯಕ್ಕೆ ಹೋದಾಗ ಕಾರ್ಮಿಕನಿಗೆ ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆಯಾಯಿತು. ನೀರು ಕೆಡಿಸಿದ್ದರಲ್ಲಿ ಅವನ ಪಾಲು ಎಷ್ಟು, ತೆತ್ತ ಬೆಲೆಯಲ್ಲಿ ಅವನ ಪಾಲು ಎಷ್ಟು ಎಂದು ಲೆಕ್ಕ ಹಾಕಿದವರು ಕಡಿಮೆ. 1989ರ ಚುನಾವಣೆಯಲ್ಲಿ ದಾಲಾನ್ ಸೋತರು. ನೀರು ಇನ್ನೂ ನೀಲಿಯಾಗಿರಲಿಲ್ಲ.

ಯಾಕೆಂದರೆ ತಳದಲ್ಲಿ ಹೂಳು ಹಾಗೆಯೇ ಇತ್ತು, ಬಾಗಿಲು ಹಾಗೆಯೇ ಮುಚ್ಚಿತ್ತು. 1994ರಲ್ಲಿ ರಜಬ್ ತಯ್ಯಿಬ್ ಎರ್ದೊಗಾನ್ ಮೇಯರ್ ಆದ ನಂತರದ ವರ್ಷಗಳಲ್ಲಿ ಹೂಳೆತ್ತುವ ದೊಡ್ಡ ಕೆಲಸ ನಡೆಯಿತು. ಸುಮಾರು 50 ಲಕ್ಷ ಘನ ಮೀಟರ್ ಕೆಸರನ್ನು ಕೊಳವೆಯ ಮೂಲಕ ಅಲಿಬೇಕೊಯ್‌ನ ಪಾಳುಬಿದ್ದ ಕಲ್ಲುಕೋರೆಗೆ ಸಾಗಿಸಿದರು. ಲಾರಿಗಳಲ್ಲಿ ಹೊತ್ತಿದ್ದರೆ ಊರಿಗೆ ಊರೇ ನಾರುತ್ತಿತ್ತು. ಸೇತುವೆಯ ವಿಷಯದಲ್ಲಿ ಮಾತ್ರ ವಿಚಿತ್ರ ಸಂಭವಿಸಿತು. 1992ರಲ್ಲಿ ಹಳೆಯ ಗಲಾಟಾ ಸೇತುವೆಗೆ ಬೆಂಕಿ ಬಿತ್ತು. ಪಕ್ಕದಲ್ಲಿ ಕಂಬಗಳ ಮೇಲೆ ನಿಂತ ಹೊಸ ಸೇತುವೆ ಬಂತು, ನೀರಿಗೆ ದಾರಿಯಾಯಿತು. ಆದರೆ ಹಳೆಯ ಸೇತುವೆಯ ಮೇಲಿನ ಮಮತೆಯಿಂದ ಅದನ್ನು ಎಳೆದೊಯ್ದು ಒಳಗಡೆ, ಬಲಾತ್ ಮತ್ತು ಹಾಸ್ಕೊಯ್ ನಡುವೆ ಅಡ್ಡಲಾಗಿ ಇಟ್ಟರು. ರೋಗಿಯ ಬಾಯಿಯಿಂದ ತೆಗೆದ ಬಟ್ಟೆಯನ್ನು ಗಂಟಲಿಗೆ ತುರುಕಿದ ಹಾಗಾಯಿತು. ಅದರ ಮೇಲೆ ಇರುವ ನೀರಿಗೂ ಕೆಳಗೆ ಇರುವ ನೀರಿಗೂ ಎದ್ದು ಕಾಣುವ ವ್ಯತ್ಯಾಸ ಉಳಿಯಿತು. ಕೊನೆಗೆ ಅದರ ಮಧ್ಯಭಾಗವನ್ನು ತೆರೆದಾಗ ಒಳಗಿನ ನೀರು ಹರಿಯಿತು, ಆಮ್ಲಜನಕ ಮರಳಿತು, ಕಪ್ಪೆಚಿಪ್ಪು, ಏಡಿ, ಮೀನು ಒಂದೊಂದಾಗಿ ಬಂದವು. 2006ರ ಹೊತ್ತಿಗೆ ತುರ್ಕಿಯ ಸಂಶೋಧಕರು ಈ ಜೀವಿಗಳ ಮರಳುವಿಕೆಯನ್ನು ಪ್ರಬಂಧಗಳಲ್ಲಿ ದಾಖಲಿಸಿದ್ದರು. 2012ರಿಂದ ಬಾಸ್ಫರಸ್‌ನ ನೀರನ್ನು ಸುರಂಗದ ಮೂಲಕ ತಂದು ಕಾಗಿತ್‌ಹಾನೆ ಹೊಳೆಗೆ ಬಿಡುವ ವ್ಯವಸ್ಥೆಯೂ ಆಯಿತು. ಅಣೆಕಟ್ಟು ಹಿಡಿದಿಟ್ಟ ಸಿಹಿನೀರಿನ ಕೆಲಸವನ್ನು ಈಗ ಪಂಪು ಮಾಡುತ್ತದೆ.

ಫೆಸ್‌ಹಾನೆ ಈಗ ಪ್ರದರ್ಶನ ಭವನ, ಕಸಾಯಿಖಾನೆಯ ಜಾಗದಲ್ಲಿ ಸಮ್ಮೇಳನ ಕೇಂದ್ರ, ವಿದ್ಯುತ್ ಸ್ಥಾವರದಲ್ಲಿ ವಿಶ್ವವಿದ್ಯಾಲಯ. ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ದಡದ ಕೊಳವೆಗಳು ಒಟ್ಟುಗೂಡಿಸಿದ ಕೊಳಚೆ ಎಲ್ಲಿಗೆ ಹೋಯಿತು?

ಬಾಸ್ಫರಸ್‌ನಲ್ಲಿ ಎರಡು ಪ್ರವಾಹಗಳಿವೆ. ಕಪ್ಪು ಸಮುದ್ರದ ಕಡಿಮೆ ಉಪ್ಪಿನ ನೀರು ಮೇಲೆ ದಕ್ಷಿಣಕ್ಕೆ ಹರಿದರೆ, ಅದರ ಎರಡು ಪಟ್ಟು ಉಪ್ಪಿರುವ ಮೆಡಿಟರೇನಿಯನ್ ನೀರು ತಳದಲ್ಲಿ ಉತ್ತರಕ್ಕೆ ಹರಿಯುತ್ತದೆ. 1980ರ ದಶಕದ ಎಂಜಿನಿಯರ್‌ಗಳು ಇದನ್ನೇ ನೆಚ್ಚಿದರು. ಕೊಳಚೆಯಿಂದ ಕಸ, ಮರಳು ಸೋಸಿ ತೆಗೆದು ಉಳಿದದ್ದನ್ನು ಆಳದ ಪದರಕ್ಕೆ ಬಿಟ್ಟರೆ ಪ್ರವಾಹವೇ ಅದನ್ನು ಕಪ್ಪು ಸಮುದ್ರಕ್ಕೆ ಹೊತ್ತೊಯ್ಯುತ್ತದೆ ಎಂಬುದು ಲೆಕ್ಕ. ಹಾಲಿಚ್‌ನ ದಕ್ಷಿಣ ದಡದ ಕೊಳಚೆಗಾಗಿ 1988ರಲ್ಲಿ ಯೆನಿಕಾಪಿಯಲ್ಲಿ ಅಂತಹ ಕೇಂದ್ರ ಆರಂಭವಾಯಿತು. ಅಗ್ಗದ ಉಪಾಯ, ಜಾಣ ಉಪಾಯವೂ ಹೌದು. ಆದರೆ ಸೋಸಿದ ಮಾತ್ರಕ್ಕೆ ಸಾರಜನಕ, ರಂಜಕ ಹೋಗುವುದಿಲ್ಲ. ಪದರಗಳೂ ಅಂದುಕೊಂಡಷ್ಟು ಬೇರೆ ಬೇರೆಯಾಗಿ ಉಳಿಯುವುದಿಲ್ಲ, ಒಂದು ಪಾಲು ಬೆರೆತು ಮರ್ಮರಕ್ಕೆ ಹಿಂದಿರುಗುತ್ತದೆ. ಮರ್ಮರದ ಸುತ್ತಲಿನ ಉಳಿದ ಊರುಗಳ ಕೊಳೆ, ಹೊಲಗಳ ಗೊಬ್ಬರ ಇದಕ್ಕೆ ಸೇರಿದವು.

2021ರ ವಸಂತದಲ್ಲಿ ಮರ್ಮರದ ಮೇಲೆ ಬಿಳಿ, ಕಂದು ಬಣ್ಣದ ಲೋಳೆ ಹರಡಿತು. ಬೆಚ್ಚಗಿನ ನಿಂತ ನೀರಿನಲ್ಲಿ ಮಿತಿಮೀರಿ ಬೆಳೆದ ಸೂಕ್ಷ್ಮ ಸಸ್ಯಗಳು ಸ್ರವಿಸಿದ ಲೋಳೆಯದು. ತುರ್ಕಿಯ ಜನ ಅದನ್ನು ಕಡಲಿನ ಜೊಲ್ಲು ಎಂದರು. ಬಲೆಗಳು ಭಾರವಾಗಿ ಮೇಲೆ ಬರಲಿಲ್ಲ, ಬಂದರುಗಳು ತುಂಬಿದವು. ತಳದಲ್ಲಿ ಹವಳ, ಚಿಪ್ಪುಗಳ ಮೇಲೆ ಅದು ಹೊದಿಕೆಯಂತೆ ಕೂತಿತು. ದೋಣಿಗಳಿಂದ ಹೀರುಕೊಳವೆ ಇಳಿಸಿ ತೆಗೆಯಲು ಸರಕಾರ ಜನರನ್ನು ಇಳಿಸಿತು. ಆ ಜೂನ್‌ನಲ್ಲಿ ಪ್ರಕಟವಾದ 22 ಅಂಶಗಳ ಕಾರ್ಯಯೋಜನೆಯಲ್ಲಿ, ಮರ್ಮರಕ್ಕೆ ಬರುವ ಕೊಳಚೆಯನ್ನು ಬರಿಯ ಸೋಸುವುದರ ಬದಲು ಪೂರ್ತಿ ಶುದ್ಧೀಕರಿಸಬೇಕು ಎಂಬುದೂ ಒಂದು ಅಂಶ. ಯೆನಿಕಾಪಿಯ ಕೇಂದ್ರ ಆರಂಭವಾಗಿ ಆಗ 33 ವರ್ಷಗಳಾಗಿದ್ದವು.