ಪ್ಲಗ್ಗಿನ ಮೇಲಣ ಹೊನ್ನು

ದೇವರ ಮುಂದಿನ ಬೆಳ್ಳಿಯ ಭರಣಿ ಕಪ್ಪಾಗುವುದನ್ನೂ, ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆಯ ದೀಪ ಎಂಟು ದಿನಕ್ಕೆ ಮಾಸುವುದನ್ನೂ, ಅಜ್ಜಿಯ ಬುಗುಡಿಯ ಚಿನ್ನ ಮಾತ್ರ ಅರುವತ್ತು ವರ್ಷ ಕಳೆದರೂ ಇದ್ದಂತೆಯೇ ಇರುವುದನ್ನೂ ಕಂಡವರಿಗೆ, ಮನೆಯ ಧ್ವನಿಯಂತ್ರಗಳ ಪ್ಲಗ್ಗು ಸಾಕೆಟ್ಟುಗಳಿಗೆ ಲೋಹವನ್ನು ಆರಿಸುವ ವಿದ್ಯೆಯ ಮುಕ್ಕಾಲು ಪಾಲು ತಿಳಿದೇ ಇದೆ.

ಈ ವಿದ್ಯೆಯ ಆರಂಭವಾದರೋ ಸಂಗೀತದ ಮನೆಯಲ್ಲಲ್ಲ, ಅಮೆರಿಕದ ದೂರವಾಣಿ ವಿನಿಮಯಕೇಂದ್ರಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬಳಕೆಗೆ ಬಂದ ಕಾಲಂಗುಲದ ಹಿತ್ತಾಳೆಯ ಪ್ಲಗ್ಗು, ಹಗಲೆಲ್ಲ ಒಳಹೊಕ್ಕು ಹೊರಬರುವ ಉಜ್ಜಾಟದಲ್ಲಿಯೇ ಶುದ್ಧವಾಗುತ್ತಿತ್ತು. ಅದರ ಸಂತತಿಯೂ, ರೇಡಿಯೋ ಪೆಟ್ಟಿಗೆಗೆ ಗ್ರಾಮಫೋನನ್ನು ಕೂಡಿಸಲೆಂದು ಆರ್‌ಸಿಎ ಕಂಪನಿಯವರು ತಂದ ಅಗ್ಗದ ಪ್ಲಗ್ಗೂ ಗೃಹಸ್ಥರ ಮನೆಯನ್ನು ಸೇರಿ, ಒಮ್ಮೆ ಚುಚ್ಚಿದ ಮೇಲೆ ವರ್ಷಗಟ್ಟಲೆ ಅಲುಗದೆ ಉಳಿದಾಗ, ಕಿಲುಬಿನ ತೆಳುಪೊರೆಯೇ ದೊಡ್ಡ ವೈರಿಯಾಯಿತು.

ಯಾವ ಲೋಹ ಉತ್ತಮ ವಾಹಕವೆಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಬೆಳ್ಳಿಯ ರೋಧತೆ ಸುಮಾರು 1.6 ಮೈಕ್ರೋ-ಓಮ್ ಸೆಂಟಿಮೀಟರ್, ತಾಮ್ರದ್ದು 1.7, ಚಿನ್ನದ್ದು 2.2, ನಿಕಲಿನದು 7ರಷ್ಟು. ಎಂದರೆ ಚಿನ್ನ ತಾಮ್ರಕ್ಕಿಂತ ಕೀಳು. ಆದರೆ ಗಿಲೀಟಿನ ಪದರ ಒಂದು ಮೈಕ್ರಾನ್ ದಪ್ಪವನ್ನು ಮುಟ್ಟುವುದೇ ಅಪರೂಪವಾದ್ದರಿಂದ ಈ ಅಂಕಿಗಳಿಗೆ ಇಲ್ಲಿ ಬೆಲೆಯಿಲ್ಲ. ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹಗಳು ಕೆಲವೇ ಸೂಕ್ಷ್ಮ ಶಿಖರಗಳಲ್ಲಿ ಮಾತ್ರ ಪರಸ್ಪರ ಸೋಂಕುವುವೆಂದೂ, ವಿದ್ಯುತ್ತೆಲ್ಲ ಆ ಇಕ್ಕಟ್ಟಿನಲ್ಲಿಯೇ ನುಸುಳಬೇಕೆಂದೂ, ಒತ್ತಡ ಹೆಚ್ಚಿದಷ್ಟೂ ಶಿಖರಗಳು ಚಪ್ಪಟೆಯಾಗಿ ದಾರಿ ಅಗಲವಾಗುವುದೆಂದೂ ಸ್ವೀಡನ್ನಿನ ರಾಗ್ನರ್ ಹೋಲ್ಮ್ 1946ರ ತಮ್ಮ ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿದರು. ಈ ಶಾಸ್ತ್ರದ ತಳಹದಿ ಅದೇ.

ಧ್ವನಿಯ ಸಂಕೇತಗಳು ಅತಿ ಕ್ಷೀಣವಾದುವುಗಳಾಗಿ, ಪೊರೆಯನ್ನು ಭೇದಿಸುವ ಶಕ್ತಿ ಅವುಗಳಿಗಿಲ್ಲದ ಕಾರಣ, ಪೊರೆಯೇ ಕಟ್ಟದ ಚಿನ್ನಕ್ಕೆ ಅಲ್ಲಿ ಪಟ್ಟ ದೊರೆಯಿತು. ಅಪ್ಪಟ ಚಿನ್ನ ಮೃದುವಾದ್ದರಿಂದ ಕೊಂಚ ಕೋಬಾಲ್ಟನ್ನು ಬೆರೆಸುವರು. ಅಡಿಯ ತಾಮ್ರ ಚಿನ್ನದೊಳಗೆ ಊರಿ ಮೇಲೇಳದಂತೆ ನಡುವೆ ನಿಕಲಿನ ಗೋಡೆ ಕಟ್ಟುವರು. ತವರದ ಸಾಕೆಟ್ಟಿಗೆ ಚಿನ್ನದ ಪ್ಲಗ್ಗನ್ನು ಕೂಡಿಸುವುದು ಹೊಂದದ ಜಾತಕ: ಸಣ್ಣ ಅಲುಗಾಟದಲ್ಲಿ ತವರ ಸವೆದು, ಅದರ ಆಕ್ಸೈಡು ಚಿನ್ನದ ಮೇಲೆಯೇ ಕೂರುತ್ತದೆ. ಚಿನ್ನಕ್ಕಿಂತ ಬಹು ಗಡಸಾದ ರೋಡಿಯಂ ಜಪಾನಿನ ತಯಾರಕರ ಕೈಯಲ್ಲಿ ಈಚೆಗೆ ಮೆರೆದಿದೆ. ಸವೆತಕ್ಕೆ ಅದು ಮದ್ದು, ನಿಜ. ಸ್ವರಕ್ಕೆ ಮೆರುಗು ಕೊಡುವುದೆಂಬ ಮಾತನ್ನು ನಾನು ಒಪ್ಪಲಾರೆ.

ಗೋಡೆಯ ಸಾಕೆಟ್ಟಿನ ನ್ಯಾಯವೇ ಬೇರೆ. ಅಲ್ಲಿ 10 ಆಂಪಿಯರ್ ಹರಿಯುವ ಸಂದಿಯಲ್ಲಿ 0.1 ಓಮಿನ ಅಡ್ಡಿಯಿದ್ದರೂ 10 ವಾಟ್ ಶಾಖ ಹುಟ್ಟುವುದರಿಂದ, ಗಿಲೀಟಿಗಿಂತ ಹಿತ್ತಾಳೆಯ ಅಥವಾ ಫಾಸ್ಫರ್ ಕಂಚಿನ ದಳಗಳ ಬಿಗಿತವೇ ಪ್ರಧಾನ. ತಾಮ್ರ ತುಟ್ಟಿಯಾದ 1965ರ ಸುಮಾರಿನಲ್ಲಿ ಅಮೆರಿಕದ ಮನೆಗಳಿಗೆ ಅಲ್ಯುಮಿನಿಯಂ ತಂತಿಯನ್ನೆಳೆದು, ಅದು ಕಾದು ಹಿಗ್ಗಿ, ತಣಿದು ಕುಗ್ಗಿ, ತಿರುಪುಗಳು ಸಡಿಲಗೊಂಡು ಬೆಂಕಿ ಹತ್ತಿದ ಚರಿತ್ರೆಯಿದೆ.

ನಮ್ಮ ಮನೆಯಲ್ಲಿಯೂ ಆಂಪ್ಲಿಫೈಯರಿಗೂ ಇಸ್ತ್ರಿಪೆಟ್ಟಿಗೆಗೂ ಸರದಿಯಲ್ಲಿ ಒದಗುತ್ತಿದ್ದ ಸಾಕೆಟ್ಟೊಂದು ಆಲಾಪನೆಯ ನಡುವೆ ಚಿಟಿಚಿಟಿಗುಟ್ಟತೊಡಗಿತು. ಬಿಚ್ಚಿ ನೋಡಿದರೆ ದಳಗಳು ಬಾಯಿಬಿಟ್ಟು ಕಂದಿದ್ದುವು. ಇಸ್ತ್ರಿಪೆಟ್ಟಿಗೆಯ ಪಿನ್ನಿನ ಬುಡ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಚಿನ್ನದ ಲೇಪವುಳ್ಳದ್ದನ್ನು ತರಲು ಹೊರಟಿದ್ದ ನನ್ನನ್ನು ತಡೆದು, ಎಲೆಕ್ಟ್ರಿಷಿಯನ್ ಸಾಮಾನ್ಯ ಹಿತ್ತಾಳೆಯದೇ ಹೊಸದೊಂದನ್ನು ಹಾಕಿಹೋದ. ಈಗ ಪ್ಲಗ್ಗನ್ನು ಕೀಳಬೇಕಾದರೆ ಎರಡು ಕೈ ಬೇಕು.